ಅಟ್ಟದ ಹಿಂದಿನ ಸಾಲು

ಗಂಡ ತಿಮ್ಮರಾಜು ಟ್ರ್ಯಾಕ್ಟರಿಗೆ ನಾಲ್ಕು ಸ್ಪೀಕರ್ ಹಾಕಿಸಿಕೊಂಡು ಬಂದ ದಿನವೇ ನಯನ ಕಳ್ಳಿಯಾಗುವುದೆಂದು ತೀರ್ಮಾನಿಸಿದಳು. ಅಲ್ಲಿಯವರೆಗೆ ಅವಳು ಪಕ್ಕದ ಮನೆಯ ಕರಿಬೇವನ್ನೂ ಕೇಳದೆ ಮುರಿದವಳಲ್ಲ. ಆದರೆ ಅನ್ಯಾಯಕ್ಕೂ ಒಂದು ಮಿತಿ ಬೇಡವೇ? ಹಿಂದಿನ ವಾರವಷ್ಟೇ ಅವಳ ಹಾಸ್ಟೆಲ್ ಕಾಲದ ಲ್ಯಾಪ್‌ಟಾಪ್ ಪ್ರಾಣ ಬಿಟ್ಟಿತ್ತು. ಅದೂ ಎಂಥ ಹೊತ್ತಿನಲ್ಲಿ! ಆನ್‌ಲೈನ್ ಗೇಮಿನಲ್ಲಿ ಶತ್ರುವಿನ ಕೋಟೆ ಬಾಗಿಲಿಗೆ ಬಂದೂಕು ಗುರಿಯಿಟ್ಟು ನಿಂತಿದ್ದಾಗ, ಮುಖ ನೋಡದ ಮೂವರು ಜೊತೆಗಾರರು “ಹೊಡಿ ಅಕ್ಕಾ, ಹೊಡಿ” ಎಂದು ಕಿವಿಯೊಳಗೆ ಕಿರುಚುತ್ತಿದ್ದಾಗ. ಹೊಸ ಕಂಪ್ಯೂಟರ್ ಬೇಕು ಎಂದದ್ದಕ್ಕೆ ತಿಮ್ಮರಾಜು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

“ಮದ್ವೆಯಾಗಿ ಆರು ವರ್ಷ ಆಯ್ತು, ಇನ್ನೂ ಗುಂಡು ಹೊಡ್ಕಂಡು ಕುಂತ್ಕತೀಯಾ? ಮಕ್ಳಾಟ ಬುಡೇ ಅದು,” ಎಂದಿದ್ದ. ಈಗ ನೋಡಿದರೆ ಟ್ರ್ಯಾಕ್ಟರಿಗೆ ಸ್ಪೀಕರು! ಹಾಡು ಕೇಳಿಸಿದರೆ ನೇಗಿಲು ಇನ್ನೊಂದು ಗೇಣು ಆಳಕ್ಕೆ ಇಳಿಯುತ್ತದೇನೋ. ನಯನಳ ಮೈಯೆಲ್ಲ ಉರಿದುಹೋಯಿತು.

ಮಾಡಿದರೆ ಒಂದೇ ಸಲ ಮಾಡಬೇಕು, ತಂದರೆ ಹತ್ತು ವರ್ಷ ಬಾಳುವಂಥದ್ದು ತರಬೇಕು. ಅಗ್ಗದ್ದು ತಂದು ಎರಡೆರಡು ವರ್ಷಕ್ಕೂ ಕಳ್ಳತನಕ್ಕಿಳಿಯುವುದು ಮರ್ಯಾದಸ್ಥ ಹೆಂಗಸಿಗೆ ಒಪ್ಪುವ ಕೆಲಸವಲ್ಲ. ಹೀಗಾಗಿ ದೋಸೆ ಹುಯ್ಯುತ್ತಾ, ಬಟ್ಟೆ ಒಗೆಯುತ್ತಾ, ತಲೆಯೊಳಗೇ ಕಂಪ್ಯೂಟರನ್ನು ಬಿಡಿಬಿಡಿಯಾಗಿ ಜೋಡಿಸಿದಳು. ಎಲ್ಲಕ್ಕಿಂತ ಮೊದಲು ಪವರ್ ಸಪ್ಲೈ. ಕಣ್ಣಿಗೆ ಕಾಣದ ಡಬ್ಬ ಎಂದು ಎಲ್ಲರೂ ಅದರಲ್ಲೇ ಜಿಪುಣತನ ಮಾಡುತ್ತಾರೆ. ಅವರೂರು ದಂಡಿನಶಿವರದ ಕರೆಂಟೋ, ಅಳಿಯನ ಹಾಗೆ ತನಗೆ ಬೇಕಾದಾಗ ಬಂದು ಬೇಕಾದಾಗ ಹೋಗುವಂಥದ್ದು; ಅಲ್ಲಿ ಒಳ್ಳೆಯದನ್ನೇ ಹಾಕಬೇಕು. ಪ್ರೊಸೆಸರ್ ನಡುತರದ್ದು ಸಾಕು, ಆದರೆ ಮದರ್‌ಬೋರ್ಡ್ ಮಾತ್ರ ನಾಲ್ಕು ವರ್ಷ ಬಿಟ್ಟು ಹೊಸ ಪ್ರೊಸೆಸರ್ ತಂದು ಕೂರಿಸಿದರೂ ಬೇಡವೆನ್ನಬಾರದು. ರ‍್ಯಾಮಿಗೆ ಎರಡು ಜಾಗ ಖಾಲಿ ಬಿಡುವುದು, ಮುಂದಕ್ಕೆ ಬೇಕಾಗುತ್ತದೆ. ಗ್ರಾಫಿಕ್ಸ್ ಕಾರ್ಡು ಸೆಕೆಂಡ್ ಹ್ಯಾಂಡ್: ಮದುವೆ ವೀಡಿಯೊ ಎಡಿಟ್ ಮಾಡುತ್ತಿದ್ದ ತಿಪಟೂರಿನವನೊಬ್ಬ ಹೊಸದು ಕೊಂಡು ಹಳೆಯದನ್ನು ಮಾರಲಿಟ್ಟಿದ್ದ. ಬಣ್ಣಬಣ್ಣದ ದೀಪ ಬೇಡವೇ ಬೇಡ. ಪೆಟ್ಟಿಗೆ ಕರ‍್ರಗೆ, ತಾಲ್ಲೂಕು ಕಚೇರಿಯಿಂದ ಎತ್ತಿಕೊಂಡು ಬಂದಂತಿರಬೇಕು. ಅದರಿಂದ ದುಡ್ಡೂ ಉಳಿಯಿತು, ವೇಷವೂ ಆಯಿತು. ಬಿಸಿ ಗಾಳಿ ಸಲೀಸಾಗಿ ಮೇಲೆ ಹೋಗಲೆಂದು ನೆತ್ತಿಯ ಮೇಲೆ ಜಾಲರಿ ಇರುವ ಪೆಟ್ಟಿಗೆಯನ್ನೇ ಆರಿಸಿದಳು. ಕೇಳಿದವರಿಗೆ ಹೇಳಲು ಒಂದು ಕತೆಯೂ ತಯಾರಾಯಿತು: ತುಮಕೂರಿನ ತಮ್ಮನ ಆಫೀಸಿನಲ್ಲಿ ಹಳೇ ಕಂಪ್ಯೂಟರ್ ಬಿಸಾಕುತ್ತಿದ್ದರು, ಕೊಬ್ಬರಿ ರೇಟು ನೋಡಲು ಆಗುತ್ತೆ ಅಂತ ಈಸಿಕೊಂಡೆ.

ಇನ್ನು ಉಳಿದದ್ದು ದುಡ್ಡು. ಆ ಮನೆಯಲ್ಲಿ ದುಡ್ಡು ಇದ್ದದ್ದು ಬ್ಯಾಂಕಿನಲ್ಲಲ್ಲ, ಅಟ್ಟದ ಮೇಲೆ. ಸಿಪ್ಪೆ ಸಮೇತ ಏರಿಸಿದ ತೆಂಗಿನಕಾಯಿಗಳು ಅಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಮಲಗಿರುತ್ತವೆ. ಅಲ್ಲಾಡಿಸಿದರೆ ಒಳಗಿನ ತಿರುಳು ಗಡಗಡ ಎಂದು ಉರುಳಿತೋ, ಉಂಡೆ ಕೊಬ್ಬರಿ ಆಯಿತೆಂದು ಲೆಕ್ಕ. ಹಸಿ ಕಾಯಿಗಿಂತ ಅದರ ಬೆಲೆಯ ಗತ್ತೇ ಬೇರೆ. ಅಟ್ಟದ ಬೀಗದ ಕೈ ಬಹಳ ಕಾಲ ಅತ್ತೆ ಹೊಂಬಾಳಮ್ಮನ ಸೊಂಟದಲ್ಲಿತ್ತು. ಮಂಡಿ ನೋವು ಬಂದು ಏಣಿ ಹತ್ತಲಾಗದೆ ಹೋದಾಗ ಹಿರಿಸೊಸೆ ಚೈತ್ರಳನ್ನು ಬಿಟ್ಟು ನಯನಳ ಕೈಗೆ ಕೊಟ್ಟಿದ್ದಳು. ಅಂದಿನಿಂದ ಯಾವ ಕಾಯಿ ಇಳಿಸಬೇಕು, ಯಾವಾಗ ಮಾರಬೇಕು ಎಂಬ ಮಾತು ಎದ್ದರೆ ಮನೆಯ ಗಂಡಸರೂ ನಯನಳ ಮುಖ ನೋಡುತ್ತಿದ್ದರು. ಸಿಕ್ಕಿಬಿದ್ದರೆ ಬೀಗದ ಕೈ ಚೈತ್ರಳ ಸೊಂಟಕ್ಕೆ ಹೋಗುತ್ತದೆ, ಆಮೇಲೆ ಜನ್ಮವಿಡೀ ಅವಳ ಕಿಸಕ್ಕನೆ ನಗು ಕೇಳಿಕೊಂಡಿರಬೇಕು. ಅದನ್ನು ನೆನೆದರೆ ನಯನಳಿಗೆ ಕಂಪ್ಯೂಟರೇ ಬೇಡವೆನಿಸುತ್ತಿತ್ತು. ಆದರೆ ಸಿಕ್ಕಿಬೀಳುವವರು ದಡ್ಡರು ಎಂಬ ನಂಬಿಕೆಯೂ ಅವಳಿಗಿತ್ತು.

ದಾರಿ ಹೊಳೆದದ್ದು ತೋಟದಲ್ಲಿ. ತಾವಾಗಿ ಉದುರಿದ ಕಾಯಿ ಸೊಸೆಯಂದಿರ ಕೈಖರ್ಚಿಗೆ ಎಂಬುದು ಆ ಮನೆಯ ರೂಢಿ. ಒಂದು ದಿನ ಚೈತ್ರ ಆಯ್ದುಕೊಂಡರೆ ಮಾರನೆಯ ದಿನ ನಯನ. ಆ ಉದುರು ಕಾಯಿಯನ್ನು ಅಟ್ಟಕ್ಕೆ ಏರಿಸಿ, ಅಷ್ಟೇ ಸಂಖ್ಯೆಯ ಕೊಬ್ಬರಿ ಕಾಯಿಯನ್ನು ಕೆಳಗಿಳಿಸಿದರೆ? ಯಾರು ಬೇಕಾದರೂ ಎಣಿಸಿಕೊಳ್ಳಲಿ, ಒಂದೂ ಕಮ್ಮಿಯಾಗದು. ಕದಿಯುವುದು ಕಾಯನ್ನಲ್ಲ, ಕಾಯಿಯ ಒಂದು ವರ್ಷವನ್ನು. ಅದೂ ಅಟ್ಟದ ಹಿಂದಿನ ಸಾಲಿನಿಂದ. ಮಾರುವಾಗ ಮುಂದಿನಿಂದ ಇಳಿಸಿಕೊಂಡು ಬರುತ್ತಾರೆ, ಹಿಂದಿನ ಸಾಲನ್ನು ಮುಂದಿನ ವರ್ಷದ ಆಪತ್ತಿಗೆ ಇರಲಿ ಎಂದು ಮುಟ್ಟುವುದಿಲ್ಲ. ಆ ಹೊತ್ತಿಗೆ ಹೊಸವೂ ಹಳೆಯವಾಗಿ, ಗಡಗಡ ಎಂದು, ತಾವೇ ಸಾಕ್ಷಿ ನುಂಗಿಕೊಂಡಿರುತ್ತವೆ. ಈ ಯೋಚನೆ ಬಂದಾಗ ನಯನ ತೆಂಗಿನ ಬುಡದಲ್ಲಿ ನಿಂತು ಒಬ್ಬಳೇ ನಕ್ಕಳು.

ಕೆಲಸ ಶುರುವಾದದ್ದು ಮಧ್ಯಾಹ್ನಗಳಲ್ಲಿ, ಹೊಂಬಾಳಮ್ಮ ಧಾರಾವಾಹಿಯ ಮುಂದೆ ಕೂತು ಅಲ್ಲಿಯ ಅತ್ತೆಯನ್ನು ಬೈಯುವ ಹೊತ್ತಿನಲ್ಲಿ. ಗಂಡನ ಹಳೇ ಅಂಗಿ ತೊಟ್ಟು, ಚೀಲ ಹೆಗಲಿಗೇರಿಸಿ ನಯನ ಏಣಿ ಹತ್ತಿದಳು. ಉದುರು ಕಾಯಿಯ ಸಿಪ್ಪೆ ಮೊದಲೇ ಕಂದು, ಬಣ್ಣದ ಚಿಂತೆಯಿಲ್ಲ. ಅದರ ಮೇಲೆ ಅಟ್ಟದ್ದೇ ಧೂಳನ್ನು ಪೊರಕೆಯಿಂದ ಉದುರಿಸಿದಳು. ಮೊಳಕೆ ಕಂಡರೆ ಚಿವುಟಲು ವಾರಕ್ಕೊಮ್ಮೆ ಹತ್ತಿ ನೋಡಿದಳು. ಜೇಡರ ಬಲೆ ಹರಿಯದಂತೆ ಬಗ್ಗಿ ನಡೆದಳು, ಅಷ್ಟು ನಾಜೂಕು! ಇಳಿಸಿದ ಕೊಬ್ಬರಿ ಕಾಯನ್ನು ತುರುವೇಕೆರೆಯ ಕಾಯಿ ವ್ಯಾಪಾರಿ ಮರುಳಪ್ಪ ಲಗೇಜ್ ಆಟೋ ತಂದು ಒಯ್ಯುತ್ತಿದ್ದ. ಸುಲಿಸಿಕೊಳ್ಳುವುದು ಅವನ ಪಾಡು. ಸೊಸೆಯಂದಿರ ಕೈಖರ್ಚಿನ ಕಾಯಿ ಒಯ್ದು ರೂಢಿಯಿದ್ದವನಿಗೆ, ಅದನ್ನೇ ವರ್ಷ ಕೂಡಿಟ್ಟಿದ್ದೆ ಎಂದರೆ ಮುಗಿಯಿತು, ಅನುಮಾನ ಬರುವ ಮಾತೇ ಇರಲಿಲ್ಲ.

ಹೊಂಬಾಳಮ್ಮನೂ ಕಮ್ಮಿಯಿಲ್ಲ. ಆಗೊಮ್ಮೆ ಈಗೊಮ್ಮೆ ಏಣಿಯ ಕೆಳಗೆ ನಿಂತು, “ಒಂದು ಕಾಯಿ ಕೊಡೇ, ನೋಡನ,” ಎನ್ನುತ್ತಿದ್ದಳು. ನಯನ ಮುಂದಿನ ಸಾಲಿನಿಂದ ಒಂದನ್ನು ಇಳಿಸಿ ಕೊಡುವಳು. ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಚೆಂದಾಗಿ ಆಗೈತೆ ಕಣೇ. ನಿನ್ ಕೈಗೆ ಕೊಟ್ಟಿದ್ದು ಒಳ್ಳೇದಾಯ್ತು,” ಎನ್ನುವಳು. ಆಗ ಮಾತ್ರ ನಯನಳಿಗೆ ತಾನು ಮಾಡುತ್ತಿರುವುದು ತಪ್ಪೇನೋ ಎನಿಸುತ್ತಿತ್ತು. ಒಂದು ಲೋಟ ಮಜ್ಜಿಗೆ ಕುಡಿದರೆ ಸರಿಹೋಗುತ್ತಿತ್ತು.

ಬಿಡಿಭಾಗಗಳು ಒಂದೊಂದಾಗಿ ಬಂದವು. ಇಡುವ ಜಾಗವನ್ನೂ ಅವಳು ಅಳೆದು ತೂಗಿ ಆರಿಸಿದ್ದಳು. ಕಂಪ್ಯೂಟರಿನ ಆಯಸ್ಸು ತಿನ್ನುವುದು ಸೆಕೆ. ಮನೆಯಲ್ಲೆಲ್ಲ ತಂಪಾದ ಕೋಣೆ ಎಂದರೆ ಅಟ್ಟದ ಕೆಳಗಿನದು, ಬಿಸಿಲನ್ನೆಲ್ಲ ಮೇಲಿನ ಕಾಯಿಗಳೇ ತಡೆದುಕೊಳ್ಳುತ್ತವೆ. ಅಲ್ಲೇ ಹಿಂದಿನ ಗೋಡೆಗೆ ಒರಗಿಸಿ ಮೇಜು ಹಾಕಿದಳು. ಟ್ರ್ಯಾಕ್ಟರಿನ ಸ್ಕ್ರೂಡ್ರೈವರಿನಲ್ಲೇ ತಿರುಪು ಬಿಗಿದಳು. ಕರೆಂಟು ಹೋದಾಗ ಟಾರ್ಚ್ ಹಿಡಿದು ನಿಂತವನು ಸ್ವತಃ ತಿಮ್ಮರಾಜು.

“ಹಳೇದು ಅಂದೆ, ಪಳಪಳ ಅಂತೈತಲ್ಲೇ?”

“ಒರೆಸಿದೀನಿ ಕಣ್ರೀ. ಟಾರ್ಚ್ ಸರ‍್ಯಾಗಿ ಹಿಡೀರಿ.”

ಅವನು ಹಿಡಿದ. ಆ ವಾರವೇ ಶತ್ರುವಿನ ಕೋಟೆ ಬಿತ್ತು. ಮೂವರು ಜೊತೆಗಾರರು “ಅಕ್ಕ ವಾಪಸ್ ಬಂದ್ಲು!” ಎಂದು ಕುಣಿದಾಡಿದರು, ಪೆಟ್ಟಿಗೆ ಮಾತ್ರ ಕೈಗೆ ಬೆಚ್ಚಗೂ ಆಗಲಿಲ್ಲ. ಒಂದು ಮಧ್ಯಾಹ್ನ, ಬಿಸಿಲು ಚುರುಗುಟ್ಟುತ್ತಿರುವಾಗ, ಹೊಂಬಾಳಮ್ಮ ಕುರ್ಚಿ ಎಳೆದುಕೊಂಡು ಸೊಸೆಯ ಪಕ್ಕ ಕೂತಳು. ತಿಪಟೂರು ಮಾರುಕಟ್ಟೆಯ ಕೊಬ್ಬರಿ ರೇಟು ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಮೂಡಿತ್ತು. ನೋಡಿ ನೋಡಿ ಅತ್ತೆಯ ಮುಖ ಅರಳಿತು. “ಮುಂದಿನ ವರ್ಷದಿಂದ ತೋಟದ ಯವಾರನೂ ನೀನೇ ನೋಡ್ಕ. ಚೈತ್ರ ಏನಾರ ಅಂದ್ಕಳ್ಳಿ, ಬುಡು,” ಎಂದಳು. ನಯನಳಿಗೆ ಕುರ್ಚಿಯಿಂದ ಒಂದಡಿ ಮೇಲೆ ತೇಲಿದಂತಾಯಿತು.

ಮೇಲೆ ಅಟ್ಟದಲ್ಲಿ ಇಲಿಯೊಂದು ಕರಕರ ಕಡಿಯುತ್ತಿತ್ತು. ಅದು ನಿಂತಿತು. ಅಟ್ಟಕ್ಕೆ ಹಾಸಿದ ಬಿದಿರು ದಬ್ಬೆಯ ಸಂದಿನಿಂದ ತೊಟ್ ಎಂದು ಒಂದು ಹನಿ ಪೆಟ್ಟಿಗೆಯ ನೆತ್ತಿಗೆ ಬಿತ್ತು, ಹಿಂದೆಯೇ ಇನ್ನೊಂದು, ಆಮೇಲೆ ಸಣ್ಣ ಧಾರೆ. ಒಳಗೆ ಚಟ್ ಎಂದಿತು, ಪರದೆ ಕಪ್ಪಾಯಿತು. “ಅಯ್ಯೋ, ಮಳೆ ಏನೇ?” ಎಂದು ಹೊಂಬಾಳಮ್ಮ ಕಿಟಕಿಯಾಚೆ ನೋಡಿದಳು, ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಅವಳು ಪೆಟ್ಟಿಗೆಯ ಮೇಲಿನ ಹನಿಯನ್ನು ಬೆರಳಲ್ಲಿ ಸವರಿ ನಾಲಿಗೆಗೆ ಮುಟ್ಟಿಸಿದಳು, ಚಪ್ಪರಿಸಿದಳು, ಇನ್ನೊಮ್ಮೆ ಸವರಿ ರುಚಿ ನೋಡಿದಳು. ಬಣ್ಣ, ಧೂಳು, ಎಣಿಕೆ, ಮೊಳಕೆ, ಜೇಡರ ಬಲೆ, ಎಲ್ಲವನ್ನೂ ಯೋಚಿಸಿದ್ದ ನಯನ ಇಲಿಯೊಂದನ್ನು ಮಾತ್ರ ಮರೆತಿದ್ದಳು. ಅತ್ತೆ ನಿಧಾನವಾಗಿ ಅಟ್ಟದತ್ತ ಕತ್ತೆತ್ತಿದಳು. “ಸಿಹಿಯಾಗೈತೆ ಕಣೇ. ವರ್ಷ ಒಣಗಿದ ಕೊಬ್ರಿ ಕಾಯಲ್ಲಿ ಕಾಯ್ನೀರು ಎಲ್ಲಿಂದ ಬಂತೇ, ನಯನಾ?” ಎಂದಳು. ಬೀಗದ ಕೈಗೆಂದು ಅಂಗೈ ಚಾಚಿ, ಹಜಾರದ ಕಡೆ ತಿರುಗಿ, “ಚೈತ್ರಾ, ಇಲ್ಲಿ ಬಾರೇ,” ಎಂದು ಕೂಗಿದಳು.