ಬಾಯಿ ಬಿಡದ ಹದಿನೆಂಟನೇ ಕೊಳವೆ

ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಒಳಗಿದ್ದ ಹದಿನೆಂಟು ಕೊಳವೆಗಳೂ ತಣ್ಣಗಾಗಿದ್ದವು. ಮೂರು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

"ಇನ್ಯಾರು? ಅವಳೇ!" ಎಂದರು ಪ್ರಯೋಗಾಲಯದ ಮುಖ್ಯಸ್ಥರು.

ಅವಳೆಂದರೆ ಕಸ ಗುಡಿಸುವ ಅಕ್ಕ. ಹೋದ ತಿಂಗಳು ನೆಲ ಉಜ್ಜುವ ಯಂತ್ರಕ್ಕೆಂದು ಇದೇ ಪ್ಲಗ್ಗು ಕಿತ್ತು ಬೈಸಿಕೊಂಡಿದ್ದಳು. ಈ ಸಲ ಹತ್ತೊಂಬತ್ತು ವರ್ಷದ ಕೆಲಸವೇ ಹೋಗುವುದರಲ್ಲಿತ್ತು. ನಿಜ ಹೇಳಬೇಕೆಂದರೆ, ಒಂದು ಕ್ಷಣ ನನಗೂ ಅವಳ ಮೇಲೆ ಅನುಮಾನ ಬಂತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಾನು ಅಲ್ಲಿಯ ಸಹಾಯಕಿ. ನನ್ನ ಮಾತು ಯಾರು ಕೇಳುತ್ತಾರೆ? ಸೀದಾ ಹೋಗಿ, ಹತ್ತಿರದಲ್ಲೇ ಇದ್ದ ಜೀವಶಾಸ್ತ್ರದ ನಿವೃತ್ತ ಟೀಚರಮ್ಮನನ್ನು ಕರೆತಂದೆ. ಸೂಕ್ಷ್ಮದರ್ಶಕದಲ್ಲೇ ಕಣ್ಣು ಸವೆಸಿದವರು. ಹಾಲು ಬೆಳ್ಳಗಿದೆ ಅಂದರೂ ನೋಡದೆ ನಂಬುವವರಲ್ಲ.

"ಕೊಳವೆಯಲ್ಲಿ ಏನಿತ್ತಪ್ಪಾ?"

ಉತ್ತರಿಸಿದವನು ಉಳಿತಾಯ. ಪ್ರಯೋಗ ಅವನದೇ. ಬಳಸಿದ್ದನ್ನೇ ಮತ್ತೆ ಬಳಸುವ ಗುಣಕ್ಕೆ ನಾವಿಟ್ಟ ಹೆಸರು ಅದು.

"ಮಾಸ್ಟ್ ಕೋಶ, ಮೇಡಂ. ತುರಿಕೆ, ಸೀನು ತರೋ ಹಿಸ್ಟಮಿನ್ನನ್ನ ಒಳಗೆ ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿಟ್ಕೊಂಡಿರುತ್ತೆ. ಅಲರ್ಜಿ ಎಬ್ಬಿಸೋ ದ್ರಾವಣ ತಾಕಿದ್ರೆ ಚೀಲ ಬಿಚ್ಚಿ ಹೊರಗೆ ಚೆಲ್ಲುತ್ತೆ. ಅದನ್ನ ತಡೆಯೋ ಔಷಧ ನಮ್ದು. ದ್ರಾವಣ ಹಾಕಿದ್ದು ಆರು ಕೊಳವೆಗೆ ಮಾತ್ರ. ಈಗ ಹದಿನೇಳರಲ್ಲಿ ಚೆಲ್ಲಿದೆ! ತಣ್ಣಗಾಗಿ ಕೋಶ ಸತ್ತು ಒಡೆದಿವೆ."

"ಹದಿನೆಂಟನೇದು?"

"ಅದು ಬಿಡಿ ಮೇಡಂ, ಅದಕ್ಕೆ ಕ್ಯಾಲ್ಸಿಯಂ ಹಾಕಿರ್ಲಿಲ್ಲ."

"ಕೋಶ ತೇಲಿಬಿಟ್ಟ ಉಪ್ಪುನೀರು?"

"ಎಲ್ಲಕ್ಕೂ ಒಂದೇ ಬಾಟಲಿದು."

ಟೀಚರಮ್ಮ ಅಕ್ಕನ ಕಡೆ ತಿರುಗಿದರು. "ನಿನ್ನೆ ಈ ರೂಮಿಗೆ ಬಂದಿದ್ಯಾ?"

"ಇಲ್ಲಮ್ಮ. ನಿನ್ನೆ ಸಂಜೆ ಬರ್ಬೇಡ ಅಂತ ಇವ್ರೇ ಹೇಳಿದ್ರು."

"ನಾನ್ಯಾವಾಗ ಹೇಳ್ದೆ?" ಉಳಿತಾಯನ ದನಿ ಏರಿತು.

"ಬಂದ್ರೆ ಮೊದ್ಲು ಏನ್ ಮಾಡ್ತೀಯಮ್ಮಾ?" ಟೀಚರಮ್ಮ ಅಕ್ಕನನ್ನೇ ಕೇಳಿದರು.

"ಕಸದ ಬುಟ್ಟಿ ಖಾಲಿ ಮಾಡ್ತೀನಿ. ಆಮೇಲೇ ನೆಲ."

ಟೀಚರಮ್ಮ ಬುಟ್ಟಿಯೊಳಗೆ ಇಣುಕಿದರು. ಹದಿನೇಳು ಕೊಳವೆಗಳಿಂದಲೂ ಒಂದೊಂದು ಹನಿ ತೆಗೆದು, ನೀಲಿ ಬಣ್ಣ ಬೆರೆಸಿ, ಸೂಕ್ಷ್ಮದರ್ಶಕದಡಿ ಇಟ್ಟು ನನ್ನನ್ನು ಕರೆದರು.

"ನೋಡಮ್ಮ. ಸತ್ತ ಕೋಶದ ಒಳಗೆ ಈ ಬಣ್ಣ ನುಗ್ಗುತ್ತೆ. ಬದುಕಿರೋದು ಒಳಗೆ ಬಿಡಲ್ಲ. ಏನು ಕಾಣ್ತು?"

ನೋಡಿದೆ. "ನೀಲಿ ಎಲ್ಲೋ ಒಂದೊಂದು, ಅಷ್ಟೇ!"

"ಅಂದ್ರೆ ಕೋಶ ಒಡೆದಿಲ್ಲ. ಬದುಕಿದ್ದೇ ಚೀಲ ಬಿಚ್ಚಿವೆ—ಯಾರೋ ಬಿಚ್ಚಿಸಿದ್ದಾರೆ. ಹಾಗೆ ಬಿಚ್ಚೋದಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕು. ಅದಿಲ್ಲದ ಹದಿನೆಂಟನೇದು ಬಾಯೇ ಬಿಡ್ಲಿಲ್ಲ. ತಣ್ಣಗಾಗಿ ಒಡೆದಿದ್ರೆ ಅದೂ ಒಡೀಬೇಕಿತ್ತಲ್ಲ? ಪ್ಲಗ್ಗಿಗೂ ಇದಕ್ಕೂ ಸಂಬಂಧ ಇಲ್ಲ."

"ಮತ್ತೆ?" ಮುಖ್ಯಸ್ಥರ ದನಿ ಇಳಿದಿತ್ತು.

"ಆರು ಕೊಳವೆಗೆ ಹಾಕೋ ದ್ರಾವಣ ಎಲ್ಲಕ್ಕೂ ಹೋಗಿದೆ. ಹೇಗೆ? ಎಲ್ಲಕ್ಕೂ ಬಳಸಿದ ಆ ಉಪ್ಪುನೀರಿನ ಬಾಟಲಿಯಿಂದ. ಬುಟ್ಟಿ ನೋಡಿ. ಪ್ರತಿ ಸಲ ಅದ್ದೋಕೂ, ದ್ರಾವಣ ಹೀರೋ ಪಿಪೆಟ್ಟಿನ ಮೂತಿಗೆ ಹೊಸ ಪ್ಲಾಸ್ಟಿಕ್ ಟಿಪ್ಪು ಬೇಕು. ಹದಿನೆಂಟು ಕೊಳವೆಗೆ ಇಲ್ಲಿರೋದು ಎರಡೇ!" ಟೀಚರಮ್ಮ ಉಳಿತಾಯನತ್ತ ತಿರುಗಿದರು. "ದ್ರಾವಣದಲ್ಲಿ ಅದ್ದಿದ್ದನ್ನೇ ನೀನು ಉಪ್ಪುನೀರಿಗೂ ಅದ್ದಿದೆಯಪ್ಪಾ. ನಿನ್ನೆ ಸಂಜೆ ಹಿಸ್ಟಮಿನ್ ಅಳೆದು ನೋಡಿದಾಗ ನಿನಗೆ ಗೊತ್ತಾಯ್ತು. ಅಕ್ಕನ್ನ ಬರ್ಬೇಡ ಅಂದೆ, ಪ್ಲಗ್ಗು ಕಿತ್ತೆ. ಅವಳಿಗೆ ಹಳೇ ಹೆಸರೊಂದು ಇತ್ತಲ್ಲ! ಆದ್ರೆ ಅವಳು ಬಂದಿದ್ರೆ ಬುಟ್ಟಿ ಖಾಲಿಯಾಗಿರ್ತಿತ್ತು. ಅದನ್ನ ಮರೆತೆ."

ಉಳಿತಾಯ ಕುರ್ಚಿಯಲ್ಲಿ ಕುಸಿದ. "ತಪ್ಪು ಒಪ್ಕೊಂಡ್ರೆ ನನ್ನ ಕತೆ ಮುಗೀತು ಅಂತ ಹೆದರ್ದೆ, ಮೇಡಂ."

"ಅವಳ ಕತೆ ಮುಗಿದ್ರೆ ಪರವಾಗಿಲ್ವಾ?"

ಮುಖ್ಯಸ್ಥರು ತಲೆ ತಗ್ಗಿಸಿ ಅಕ್ಕನ ಮುಂದೆ ನಿಂತರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ ಬುಟ್ಟಿ ಖಾಲಿ ಮಾಡ್ಲಾ, ಸಾರ್?"

"ಬೇಡಮ್ಮ," ಎಂದರು ಮುಖ್ಯಸ್ಥರು. "ಇವತ್ತು ನಾನೇ ಮಾಡ್ತೀನಿ."