ಒಂಬತ್ತು ಹತ್ತರ ಪತ್ರ

“ಮುಟ್ಟಬ್ಯಾಡ್ರಿ ಅದನ್ನ!”

ಆ ಕೂಗಿಗೆ ಅಕ್ಕಿ ಗಿರಣಿಯ ಆಫೀಸಿಗೆ ಆಫೀಸೇ ತಿರುಗಿ ನೋಡಿತು. ಮೂಲೆಯ ಕೋಣೆಯಲ್ಲಿ ಹಳೆಯ ಕಂಪ್ಯೂಟರಿನ ಗುಂಡಿಯ ಮೇಲೆ ಬೆರಳಿಟ್ಟಿದ್ದ ಯುವಕ ಕೆಂಡ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ.

ಬಾಗಿಲಲ್ಲಿ ನಿಂತಿದ್ದವಳು ರಂಜಿತಾ. ಊಟದ ಡಬ್ಬಿ ಇನ್ನೂ ಕೈಯಲ್ಲೇ ಇತ್ತು. ಏದುಸಿರು ಬಿಡುತ್ತಿದ್ದಳು.

“ನಾ ಆಂಜನೇಯ ಅಂತ್ರೀ, ಕೊಪ್ಪಳದಿಂದ ಬಂದೀನಿ. ಸಾಹುಕಾರ್ರು ಕರಿಸ್ಯಾರ. ಇದನ್ನ ಬಂದ್ ಮಾಡಿ ಒಳಗ ನೋಡಬೇಕಾಗಿತ್ತು…”

“ಒಂಬತ್ತು ಹತ್ತು ಆಗ್ಲಿ. ಆಮ್ಯಾಲೆ ಏನರ ಮಾಡ್ಕೋರಿ.”

“ಒಂಬತ್ತು ಹತ್ತಕ್ಕ ಏನೈತ್ರಿ ಮೇಡಂ?”

ರಂಜಿತಾ ತನ್ನ ಮೇಜಿನ ಮುಂದೆ ಕುಳಿತು ಗೋಡೆಯ ಗಡಿಯಾರ ನೋಡತೊಡಗಿದಳು. ಮುಳ್ಳು ಸರಿಯಿತು. ಪರದೆಯ ಮೇಲೆ ಒಂದು ಪತ್ರ ಬಂದು ಬಿತ್ತು.

‘ನಾ ಜೀವಂತ ಅದೀನಿ. ನೀ ಬಂದಿ ಏನು? — ತಿರುಪತಿ.’

ಅವಳ ಮುಖಕ್ಕೆ ಈಗ ಕಳೆ ಬಂತು. ಹಿಂದೆ ನಿಂತಿದ್ದ ಆಂಜನೇಯನ ಕಣ್ಣಿಗೂ ಅಕ್ಷರಗಳು ಬಿದ್ದವು. ಅವನು ನಕ್ಕುಬಿಟ್ಟ.

“ಯಾರ್ರೀ ಇವ್ರು? ಭಾಳ ಮಜಾ ಅದಾರ!”

“ನಮ್ಮ ಯಜಮಾನ್ರು,” ಎಂದಳು ರಂಜಿತಾ. “ತೀರಿಕೊಂಡು ಎರಡು ವರ್ಷ ಆತ್ರಿ.”

ಪಾಪ, ಆಂಜನೇಯನಿಗೆ ಆ ನಗುವನ್ನು ಎಲ್ಲಿ ಮುಚ್ಚಿಡಬೇಕೆಂದೇ ತಿಳಿಯಲಿಲ್ಲ!

ಗಾಬರಿಯಾಗಬೇಡಿ, ಇದು ದೆವ್ವದ ಕಥೆಯಲ್ಲ. ದೆವ್ವದ ಕಥೆಯೇ ಆಗಿದ್ದರೂ ಈ ದೆವ್ವ ಯಾರನ್ನೂ ಹೆದರಿಸಿದ್ದಲ್ಲ, ಒಬ್ಬಳನ್ನು ಹಿಡಿದಿಟ್ಟುಕೊಂಡದ್ದು.

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿಗೇನು ಬರವಿಲ್ಲ. ಆದರೆ ಇಮೇಲ್ ಕಳಿಸಿ ಪಡೆಯಲು ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಗಿರಣಿ ಅಪರೂಪ. ಮೂಲೆಯ ಕೋಣೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ತಂತ್ರಾಂಶ ಹಾಕಿ, ಮಾಲೀಕ ಯಂಕೋಬ ಸಾಹುಕಾರರಿಗೆ ಅದನ್ನು ಕಟ್ಟಿಕೊಟ್ಟವನು ತಿರುಪತಿ. ಸರ್ವರ್ ನಡೆಯುತ್ತಿದೆಯೋ ಇಲ್ಲವೋ ದಿನಾ ತಿಳಿಯಲಿ ಎಂದು ಅವನೊಂದು ಸಣ್ಣ ಪ್ರೋಗ್ರಾಂ ಬರೆದಿಟ್ಟಿದ್ದ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಅದು ತಾನಾಗಿಯೇ ಒಂದು ಪತ್ರ ಕಳಿಸಬೇಕು. ಪತ್ರ ಬಂದರೆ ಮಿಷನ್ ಜೀವಂತ, ಬರದಿದ್ದರೆ ಏನೋ ಕೆಟ್ಟಿದೆ ಎಂದರ್ಥ. ಪತ್ರ ಹೋಗುವುದು ಅದೇ ಆಫೀಸಿನಲ್ಲಿ ಆರ್ಡರು ಬರೆದುಕೊಳ್ಳುವ ಹೆಂಡತಿಗಲ್ಲವೇ? ಅದಕ್ಕೇ ಸರಸಕ್ಕೊಂದು ಮಾತು ಸೇರಿಸಿದ್ದ.

ಎರಡು ವರ್ಷದ ಹಿಂದೆ ಮರಳಿ ಎಂಬ ಊರಿನ ಹತ್ತಿರ ಅವನ ಬೈಕಿಗೆ ಲಾರಿ ಬಡಿಯಿತು. ಪ್ರೋಗ್ರಾಮಿಗೆ ಆ ಸುದ್ದಿಯನ್ನು ಯಾರು ಮುಟ್ಟಿಸಬೇಕು? ಅದು ಮರುದಿನವೂ ಬರೆಯಿತು. ದಿನಕರ್ಮ ಮುಗಿಸಿ ರಂಜಿತಾ ಕೆಲಸಕ್ಕೆ ಬಂದಾಗ ಅವನ ಪತ್ರಗಳು ಸಾಲಾಗಿ ಕಾದಿದ್ದವು. ನಾ ಜೀವಂತ ಅದೀನಿ… ನಾ ಜೀವಂತ ಅದೀನಿ… ನೀ ಬಂದಿ ಏನು?

‘ಬಂದೀನ್ರಿ,’ ಎಂದು ಆವತ್ತು ಅವಳು ಉತ್ತರ ಬರೆದಳು. ಅಲ್ಲಿಂದ ಒಂದು ದಿನವೂ ತಪ್ಪಿಸಲಿಲ್ಲ. ಯಾರೂ ಓದದ ಆ ಉತ್ತರಗಳು ಸತ್ತವನ ಮೇಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಬೀಳುತ್ತಲೇ ಇದ್ದವು.

*

ಹಳೆಯ ಮಿಷನ್ ಆ ಮಳೆಗಾಲದಲ್ಲಿ ಎರಡು ದಿನ ಮಲಗಿಬಿಟ್ಟಿತ್ತು. ಚೆನ್ನೈನ ವ್ಯಾಪಾರಿಯ ಆರ್ಡರು ಕೈತಪ್ಪಿತ್ತು. ಅದಕ್ಕೇ ಸಾಹುಕಾರರು, ‘ಒಂದು ಬಿದ್ದರ ಇನ್ನೊಂದು ಎದ್ದು ನಿಂದರೂ ಹಂಗ ಮಾಡು’ ಎಂದು ಆಂಜನೇಯನನ್ನು ಕರೆಸಿದ್ದರು.

ಅವನು ಹೊಸ ಮಿಷನ್ನನ್ನು ಹಳೆಯದರ ಪಕ್ಕ ಕೂರಿಸಿ, ಎರಡರ ನಡುವೆ ಒಂದು ವೈರ್ ಎಳೆದ.

“ನೋಡ್ರಿ ಮೇಡಂ, ಇದ ಇವೆರಡರ ಜೀವನಾಡಿ. ಹಳೇದಕ್ಕ ಬಂದ ಪತ್ರ ಎಲ್ಲಾ ಇದರಾಗಿಂದ ಹೊಸದರಾಗೂ ಬರದಿಟ್ಟಿರತೈತಿ. ಜೊತಿಗೆ ಎರಡೂ ಮಾತಾಡ್ತಾವ. ‘ಇದ್ದೀಯೇನು?’ ‘ಇದ್ದೀನಿ.’ ‘ಇದ್ದೀಯೇನು?’ ‘ಇದ್ದೀನಿ.’ ಹತ್ತು ಸೆಕೆಂಡು ಉತ್ತರ ಬರಲಿಲ್ಲಾ ಅಂದ್ರ, ಹಳೇದು ಸತ್ತೈತಿ ಅಂತ ತಿಳದು ಹೊಸದು ಅದರ ವಿಳಾಸ ತಗೊಂಡು ಕೆಲಸಕ್ಕ ನಿಲ್ಲತೈತಿ.”

“ಹತ್ತ ಸೆಕೆಂಡು?” ಎಂದಳು ರಂಜಿತಾ. “ಅಳಾಕ ಸುದ್ದಾ ಟೈಮ್ ಕೊಡಂಗಿಲ್ಲಲ್ರಿ!”

ಆಂಜನೇಯ ತಲೆಯೆತ್ತಿ ಅವಳನ್ನು ನೋಡಿದ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅವನು ನಗಲಿಲ್ಲ.

ಹದಿನೈದು ದಿನ ಕೆಲಸ ನಡೆಯಿತು. ಒಂಬತ್ತು ಹತ್ತಾಗುವವರೆಗೆ ಅವನು ಹಳೆಯ ಮಿಷನ್ನಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಮಧ್ಯಾಹ್ನ ಅವಳ ಡಬ್ಬಿಯ ರೊಟ್ಟಿ, ಪುಂಡಿಪಲ್ಯಕ್ಕೆ ಅವನ ಚೀಲದ ಶೇಂಗಾ ಚಟ್ನಿ ಜೊತೆಯಾಗತೊಡಗಿತು. ಅವಳು ಏನಾದರೂ ಹೇಳಿದರೆ ಅವನು ಪೂರ್ತಿ ಕೇಳುತ್ತಿದ್ದ.

ಒಂದು ದಿನ ಅವನ ಮಾತಿಗೆ ರಂಜಿತಾ ಜೋರಾಗಿ ನಕ್ಕಳು. ನಕ್ಕವಳು ತಕ್ಷಣ ಬಾಯಿ ಮುಚ್ಚಿಕೊಂಡಳು. ಮೂಲೆಯ ಕೋಣೆಯಲ್ಲಿ ಹಳೆಯ ಮಿಷನ್ನಿನ ಫ್ಯಾನು ಒಮ್ಮೆ ಗೊರಕ್ಕೆಂದಿತ್ತು.

‘ಅವರು ಕೇಳಿಸಿಕೊಂಡರೇನೋ…’

ಅದು ಬರೀ ತೌಡಿನ ಧೂಳು ಕೂತ ಫ್ಯಾನು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೇನು, ಮನಸ್ಸು ಕೇಳಬೇಕಲ್ಲ!

*

ಕೊನೆಯ ದಿನ ರಂಜಿತಾ ಒಂಬತ್ತಕ್ಕೆ ಬಂದಾಗ ಮೂಲೆಯ ಕೋಣೆ ಯಾಕೋ ಮೌನವಾಗಿತ್ತು. ಇಣುಕಿದಳು. ಹಳೆಯ ಮಿಷನ್ನಿನ ದೀಪ ಆರಿತ್ತು. ಪ್ಲಗ್ಗು ನೆಲದ ಮೇಲಿತ್ತು.

ತನ್ನ ಮೇಜಿಗೆ ಬಂದು ಗಡಿಯಾರ ನೋಡುತ್ತಾ ನಿಂತಳು. ಇಂದು ಪತ್ರ ಬರುವುದಿಲ್ಲ… ಇನ್ನು ಬರುವುದೇ ಇಲ್ಲ!

ಆಗಲೇ ಅವಳ ಪರದೆ ಮಿನುಗಿತು. ಒಂಬತ್ತು ಹತ್ತು.

‘ನಾ ಜೀವಂತ ಅದೀನಿ. ನೀ ಬಂದಿ ಏನು? — ತಿರುಪತಿ.’

ಮಿಷನ್ ಸತ್ತು ಬಿದ್ದಿದೆ… ಪತ್ರ ಬಂದಿದೆ! ರಂಜಿತಾ ಮೇಜು ಹಿಡಿದು ಕಣ್ಣು ಮುಚ್ಚಿದಳು. ಬೆನ್ನ ಹಿಂದೆ ತಿರುಪತಿಯೇ ನಿಂತಿದ್ದಾನೆ. ತಿರುಗಿದರೆ ಮಾಯವಾಗುತ್ತಾನೆ.

“ಹೆದರಬ್ಯಾಡ್ರಿ ಮೇಡಂ.” ದನಿ ಆಂಜನೇಯನದು. ಅವನ ಮುಖದಲ್ಲಿ ಉಡುಗೊರೆ ಕೊಟ್ಟವನ ಸಂತೋಷ. “ಅವರ ಪ್ರೋಗ್ರಾಮ್ ಹೊಸದಕ್ಕೂ ಹಾಕೀನಿ, ಅದನ್ನ ತೋರಸಾಕ ಹಳೇದರ ಪ್ಲಗ್ ನಾನ ಕಿತ್ತೀನಿ. ಯಾವ ಮಿಷನ್ ಕೆಲಸದಾಗ ಇರತೈತೋ ಅದ ಕಳಸತೈತಿ. ಇನ್ನ ಹಳೇದು ಕೆಟ್ಟರೂ ನಿಮ್ಮ ಪತ್ರ ನಿಲ್ಲಂಗಿಲ್ಲ! ಅವರ ಡಬ್ಬಿನೂ ಹಂಗ ಇಟ್ಟೀನಿ, ಆರುನೂರಾ ಹನ್ನೆರಡು ಪತ್ರ…”

“ಏನಂದ್ರಿ?” ರಂಜಿತಾ ಕಣ್ಣು ತೆರೆದಳು. “ನನ್ನ ಪತ್ರ ಓದೀರಿ?”

“ಇಲ್ರಿ, ನಾ…”

“ಗಂಡಗ ಹೆಂಡತಿ ಬರದದ್ದು ಓದೀರಿ! ಮ್ಯಾಲೆ ಅವರ ಮಾತು ನಿಮ್ಮ ಮಿಷನ್ನಿನ ಬಾಯಾಗ ಇಟ್ಟೀರಿ! ಯಾರ ಹೇಳಿದ್ರು ನಿಮಗ? ಹೋಗ್ರಿ ಇಲ್ಲಿಂದ!”

“ಇನ್ನೊಂದು ವೈರ್ ಹಾಕೂದು ಉಳದೈತ್ರಿ… ಅದನ್ನ ಹಾಕಿ…”

“ಹೋಗ್ರೀ!”

ಆಂಜನೇಯ ಹಳೆಯ ಮಿಷನ್ನನ್ನು ಮತ್ತೆ ಎಬ್ಬಿಸಿ ಜೋಡಿಸಿದ. ಫೋನ್ ನಂಬರ್ ಬರೆದ ಚೀಟಿಯನ್ನು ಗೋಡೆಗೆ ಅಂಟಿಸಿ, ಚೀಲ ಹೆಗಲಿಗೇರಿಸಿ ಹೊರಟುಹೋದ. ತಿರುಗಿಯೂ ನೋಡಲಿಲ್ಲ. ಅವನೂ ಸ್ವಾಭಿಮಾನಿಯೇ!

ಆಮೇಲೆ ಶುರುವಾದದ್ದು ನಿಜವಾದ ಕಾಟ. ದಿನಾ ಒಂಬತ್ತು ಹತ್ತಕ್ಕೆ ಪತ್ರ ಬರುತ್ತಿತ್ತು. ಆದರೆ ಯಾವ ಮಿಷನ್ನಿನಿಂದ? ತಿರುಪತಿಯ ಕೈಯಿಂದಲೋ, ಅವನ ಮಾತು ಕಲಿತ ಇನ್ನೊಂದರಿಂದಲೋ? ಅವಳಿಗೆ ತಿಳಿಯುತ್ತಿರಲಿಲ್ಲ. ಊಟದ ಡಬ್ಬಿ ತುಂಬಿದಂತೆಯೇ ಮನೆಗೆ ಮರಳುತ್ತಿತ್ತು.

ಒಂದು ಬೆಳಿಗ್ಗೆ ಪತ್ರ ಬಂದಾಗ, ‘ಇದು ಆಂಜನೇಯ ಕೂರಿಸಿದ ಹೊಸದರಿಂದ ಬಂದಿದ್ದರೆ…’ ಎಂದು ಅವಳಿಗೇ ಆಸೆಯಾಗಿಬಿಟ್ಟಿತು! ಆವತ್ತಿಡೀ ಅವಳು ಮೂಲೆಯ ಕೋಣೆಯ ಕಡೆಗೆ ಮುಖ ತಿರುಗಿಸಲಿಲ್ಲ.

*

ಮಹಾನವಮಿ ಬಂತು. ಆಯುಧಗಳ ಖಂಡೇ ಪೂಜೆಗೆ ಗಿರಣಿಯ ತಕ್ಕಡಿ, ಲಾರಿ, ಬಾಯ್ಲರು ಎಲ್ಲಕ್ಕೂ ಚೆಂಡುಹೂವು ಏರಿತು. ಪ್ರತಿ ವರ್ಷದಂತೆ ರಂಜಿತಾಳ ಅತ್ತೆ ಹಂಪವ್ವ ಬಂದಳು. ಮಗ ಕಟ್ಟಿದ ಮಿಷನ್ನಿಗೆ ಅವಳದೇ ಪೂಜೆ. ಒಬ್ಬಳೇ ಕೋಣೆಗೆ ಹೋಗಿ, ವಿಭೂತಿ ಹಚ್ಚಿ, ಕಾಯಿ ಒಡೆದು ಬಂದಳು. ಪೂಜೆ ಮಾಡಿದ್ದನ್ನು ಕದಲಿಸಬಾರದಲ್ಲ, ಹಬ್ಬ ಮುಗಿಯುವವರೆಗೆ ಯಾರೂ ಆ ಕಡೆ ಹೋಗಲಿಲ್ಲ.

ಹಬ್ಬದ ಮರುದಿನ ರಂಜಿತಾ ಕಂಪ್ಯೂಟರ್ ತೆರೆದಳು. ಒಂಬತ್ತು ಹತ್ತಕ್ಕೆ ಪತ್ರ ಬಂತು.

‘ನಾ ಜೀವಂತ ಅದೀನಿ. ನೀ ಬಂದಿ ಏನು?’

ಉತ್ತರ ಬರೆದು ಕಳಿಸಿದಳು. ಐದು ನಿಮಿಷಕ್ಕೆ ಇನ್ನೊಂದು ಬಂದು ಬಿತ್ತು.

‘ನಾ ಜೀವಂತ ಅದೀನಿ. ನೀ ಬಂದಿ ಏನು?’

ಅದೇ ಹೆಸರು. ಅದೇ ಹೊತ್ತಿನ ಮುದ್ರೆ. ಒಬ್ಬ ಸತ್ತವನ ಎರಡು ಪತ್ರ!

ರಂಜಿತಾ ಒಂದನ್ನು ತೆರೆದಳು, ಇನ್ನೊಂದನ್ನು ತೆರೆದಳು. ನೂರು ಸಲ ಓದಿದಳು. ಯಾವುದು ಅವನದು? ಕೈಹಿಡಿದವಳಿಗೇ ಗುರುತು ಸಿಗುತ್ತಿಲ್ಲವೇ?

ಮಧ್ಯಾಹ್ನದ ಹೊತ್ತಿಗೆ ಸಾಹುಕಾರರ ಗದ್ದಲ ಶುರುವಾಯಿತು. ಬೆಳಿಗ್ಗೆ ಬರಬೇಕಾದ ಆರ್ಡರು ಈಗ ಬರುತ್ತಿತ್ತು, ಕೆಲವು ಪತ್ತೆಯೇ ಇರಲಿಲ್ಲ. ರಂಜಿತಾ ಗೋಡೆಯ ಚೀಟಿ ನೋಡಿ ಫೋನ್ ಮಾಡಿದಳು.

“ಹಲೋ…” ಎಂದಳು.

“ಬಸ್ ಸ್ಟ್ಯಾಂಡಿನ್ಯಾಗ ಅದೀನ್ರಿ,” ಎಂದ ಆಂಜನೇಯ. “ಸಾಹುಕಾರ್ರು ಮೊದಲ ಫೋನ್ ಮಾಡ್ಯಾರ. ಆದ್ರ ನೀವು ಕರದ್ರಿ, ಅದು ಛಲೋ ಆತು.”

*

ಅವನು ಬಂದು ಚೆಂಡುಹೂವಿನ ಸರ ಸರಿಸಿ ನೋಡಿದ. ನಡುವಿನ ವೈರ್ ಕಿತ್ತು ಜೋತುಬಿದ್ದಿತ್ತು. ಅದರ ತುದಿಗೂ ಕುಂಕುಮ!

“ಯಾರು ಬಿಚ್ಚಿದ್ರು ಇದನ್ನ?”

ಮಿಷನ್ನಿನ ಹೂವು ತೆಗೆದುಕೊಂಡು ಹೋಗಲು ಬಂದಿದ್ದ ಹಂಪವ್ವ ಎದೆಯುಬ್ಬಿಸಿ ನಿಂತಳು. “ನಾನ ಬಿಚ್ಚೀನಿ ತಮ್ಮಾ. ನೊಗಕ್ಕ ಕಟ್ಟಿದ ಎತ್ತಿಗೆ ಯಾರರ ಪೂಜಿ ಮಾಡ್ತಾರೇನು? ನೊಗದಿಂದ ಕೊಳ್ಳ ಹರದು, ಬ್ಯಾರೆ ಬ್ಯಾರೆ ನಿಂದರಿಸಿ ಮಾಡಬೇಕು!”

ಆಂಜನೇಯ ತಲೆಯ ಮೇಲೆ ಕೈಹೊತ್ತು ಕುಳಿತ.

“ತಪ್ಪು ನಿಮ್ದಲ್ಲ ಬಿಡ್ರಿ ಯವ್ವಾ. ಒಂದ ವೈರಿನ ಮ್ಯಾಲೆ ಭರೋಸಾ ಇಟ್ಟು ಸಿಟ್ಟಿಲೆ ಎದ್ದು ಹೋದೆ, ನಂದ ತಪ್ಪು.” ರಂಜಿತಾಳ ಕಡೆ ತಿರುಗಿದ. “ಎರಡೂ ಜೀವಂತ ಇದ್ದೂವ್ರಿ. ಒಂದರ ಮಾತು ಒಂದಕ್ಕ ಕೇಳಲಿಲ್ಲ. ಅದು ಸತ್ತೈತಿ ಅಂತ ಇದು, ಇದು ಸತ್ತೈತಿ ಅಂತ ಅದು… ಎರಡೂ ಯಜಮಾನಕಿ ಮಾಡ್ಯಾವ. ಪತ್ರ ಅರ್ಧ ಇದರಾಗ, ಅರ್ಧ ಅದರಾಗ ಬಿದ್ದಾವ.”

“ಈಗ?”

“ಬಂದ ಪತ್ರ ಎಲ್ಲಾ ಮೊದಲ ತಗದು ಜ್ವಾಕಿ ಇಡ್ತೀನಿ, ನಿಮ್ಮ ಉತ್ತರನೂ. ಒಂದನ್ನೂ ತೆರಿಯಂಗಿಲ್ಲ. ಆವತ್ತೂ ತೆರದಿದ್ದಿಲ್ಲ, ಮೇಡಂ. ಎಷ್ಟದಾವ ಅಂತ ಅಷ್ಟ ಮಿಷನ್ ತೋರಿಸಿತ್ತು. ಆರುನೂರಾ ಹನ್ನೆರಡು ಪತ್ರ ಬರದಾಕಿಗೆ ‘ಇನ್ನ ಅವ ಬರಿಯಂಗಿಲ್ಲ’ ಅಂತ ಹ್ಯಾಂಗ ಹೇಳ್ಲಿ? ಅದಕ್ಕ ಪ್ರೋಗ್ರಾಮ್ ಉಳಿಸಿದೆ.”

ರಂಜಿತಾ ತಲೆ ತಗ್ಗಿಸಿದಳು. ಓದದವನ ಮೇಲೆ ಎಂಥ ಮಾತು ಎಸೆದಿದ್ದಳು!

“ಆಮ್ಯಾಲೆ ಯಾವುದು ಮುಂದ ನಡೀಬೇಕು ಅಂತ ಒಂದನ್ನ ಆರಿಸಬೇಕು,” ಎಂದ ಅವನು ಮೆಲ್ಲಗೆ. “ಅದನ್ನ ಮಿಷನ್ ಹೇಳಂಗಿಲ್ಲ. ಮನಷ್ಯಾರ ಹೇಳಬೇಕು.”

ರಂಜಿತಾ ಹಳೆಯ ಮಿಷನ್ನಿನ ಮೇಲೆ ಕೈಯಿಟ್ಟಳು. ಅದು ಬೆಚ್ಚಗಿತ್ತು.

“ಇವತ್ತ ಎರಡು ಪತ್ರ ಬಂದೂವು, ಅತ್ತೀ,” ಎಂದಳು. “ಅವರದು ಯಾವುದು ಅಂತ ನನಗ ಗೊತ್ತಾಗಲಿಲ್ಲ. ಭಾಳ ಹುಡುಕಿದೆ. ಎರಡರಾಗೂ ಅವರಿಲ್ಲ… ಮೊದಲಿಂದನೂ ಇದ್ದಿಲ್ಲ ಅಲ್ಲ?”

ಹಂಪವ್ವನ ಕಣ್ಣಲ್ಲಿ ನೀರು ಬಂತು. ಆಂಜನೇಯನ ಕಡೆಗೊಮ್ಮೆ ನೋಡಿ, ಸೊಸೆಯ ಗದ್ದ ಹಿಡಿದೆತ್ತಿದಳು.

“ಮಗನ್ನ ಮಣ್ಣಾಗಿಟ್ಟು ಬಂದು ನಾ ಅತ್ತೀನಿ, ಯವ್ವಾ. ವರ್ಷಗಟ್ಟಲೆ ಅತ್ತೀನಿ. ನೀ ಅಳಲಿಲ್ಲ, ಬರಕೋತ ಕುಂತಿ. ನಮ್ಮ ಮಂದ್ಯಾಗ ಉಡಿಕಿ ಮದುವಿ ಹೊಸದಲ್ಲ. ಗಂಡ ಸತ್ತಾಕಿ ಇನ್ನೊಬ್ಬನ ಕೈಲೆ ಸೀರಿ ಉಟ್ಟು ಬಾಳೇವು ಮಾಡ್ಯಾಳ, ಯಾರೂ ಬೈದಿಲ್ಲ. ನಾನೂ ಬೈಯಂಗಿಲ್ಲ.”

ರಂಜಿತಾ ಅತ್ತೆಯ ಮುಖ ನೋಡಿದಳು. ಆಂಜನೇಯ ಕಿವಿಯವರೆಗೆ ಕೆಂಪಾಗಿ ವೈರಿನ ಕುಂಕುಮ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ!

“ಹೊಸದು ಮುಂದ ನಡೀಲಿ,” ಎಂದಳು ರಂಜಿತಾ ಕೊನೆಗೆ. “ಹಳೇದು ಹಿಂದ ಇರಲಿ. ಅದನ್ನ ತಗೀಬ್ಯಾಡ್ರಿ. ಮತ್ತ… ಆ ಪ್ರೋಗ್ರಾಮ್ ಎಲ್ಲೈತಿ ತೋರಸ್ರಿ. ನಾನ ಅಳಸ್ತೀನಿ.”

ಆಂಜನೇಯ ತೋರಿಸಿದ. ಒಂದೇ ಒಂದು ಸಾಲು, ಇಲ್ಲಿ ಅಳಿಸಿದರೆ ಎರಡೂ ಮಿಷನ್ನಿನಿಂದ ಅಳಿಯುವಂಥದ್ದು. ಅವಳ ಬೆರಳು ಕೀಲಿಯ ಮೇಲೆ ತುಂಬಾ ಹೊತ್ತು ನಿಂತಿತು. ಆಮೇಲೆ ಒತ್ತಿದಳು.

*

ಮರುದಿನ ಮೊದಲ ಬಸ್ಸಿಗೇ ಆಂಜನೇಯ ಬಂದಿದ್ದ. ಎರಡನೆಯ ವೈರ್ ಹಾಕಿ ಮುಗಿಸಿದ್ದ. ಹೋಗಬಹುದಿತ್ತು, ಹೋಗಿರಲಿಲ್ಲ.

ಒಂಬತ್ತು ಎಂಟು… ಒಂಬತ್ತು ಒಂಬತ್ತು… ಒಂಬತ್ತು ಹತ್ತು.

ಪರದೆ ಖಾಲಿ.

ಒಂಬತ್ತು ಹನ್ನೊಂದು.

ರಂಜಿತಾಳ ಹೊಟ್ಟೆಯ ಆಳದಿಂದ ಒಂದು ದನಿ ಎದ್ದು ಬಂತು. ಮೇಜಿನ ಮೇಲೆ ತಲೆಯಿಟ್ಟು ಅವಳು ಅತ್ತಳು. ಎರಡು ವರ್ಷದ ಅಳು, ಗಿರಣಿಯ ಸದ್ದನ್ನೂ ಮೀರಿ. ಆಂಜನೇಯ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತ, ಅಷ್ಟೇ.

“ಹೋಗಿಬಿಟ್ರು…” ಎಂದಳು ಬಿಕ್ಕುತ್ತಾ.

“ಹೂಂ.”

“ನೀವೂ ಹೊಂಟ್ರೇನು?”

“ನಿಮ್ಮ ಮ್ಯಾಲೆ ಮನಸೈತ್ರಿ ನನಗ. ಅವರ ಜಾಗಕ್ಕ ಬರಾಂವಲ್ಲ ನಾ. ನಂದ ಅಂತ ಒಂದು ಜಾಗ ಬೇಕು, ಸಣ್ಣದಾದ್ರೂ ನಡೀತೈತಿ. ಬ್ಯಾಡ ಅಂದ್ರ ಈಗ ಎದ್ದು ಹೋಗ್ತೀನಿ.”

ರಂಜಿತಾ ತಲೆಯೆತ್ತಲಿಲ್ಲ. ಆದರೆ ಅವಳ ಕೈ ಮೇಜಿನ ಮೇಲೆ ತಡವರಿಸುತ್ತಾ ಬಂದು ಅವನ ಅಂಗಿಯ ತೋಳನ್ನು ಹಿಡಿಯಿತು.

“ಕುಂದರ್ರಿ… ಅಳೂದು ಇನ್ನೂ ಮುಗದಿಲ್ಲ.”

“ಮುಗೀಲಿ, ರಂಜಿತಾ,” ಎಂದ ಅವನು. “ನನಗೇನು ಅವಸರಿಲ್ಲ.”