ಚೀಟಿಯ ಇನ್ನೊಂದು ಬದಿ

‘ಉಡುಪಿನ ಚೀಟಿಗಳನ್ನು ಒರೆಸಿ ಕೊಟ್ಟೆನೋ ಇಲ್ಲವೋ, ನೆನಪೇ ಆಗುತ್ತಿಲ್ಲ.’

ದಿನಚರಿಯಲ್ಲಿ ಇಷ್ಟು ಬರೆದು ಯಾಗೊದಾ ಪೆನ್ನು ಮುಚ್ಚಿದಳು. ಸಣ್ಣ ವಿಷಯ. ಆದರೂ ಬೆಳಗಿನ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಪೋಲೆಂಡಿನ ತೊರುನ್ ಊರಿನ ಪುಟ್ಟ ಪ್ರಕಾಶನವೊಂದರಲ್ಲಿ ನಿಘಂಟು ಬರೆಯುವುದು ಅವಳ ಕೆಲಸ. ದಿನಬಳಕೆಯ ಇಂಗ್ಲಿಷ್ ಪದ, ಅದರ ಎದುರು ಪೋಲಿಷ್ ಪದ, ಕೆಳಗೆ ಒಂದು ಉದಾಹರಣೆ ವಾಕ್ಯ. ಪದಕ್ಕೊಂದು ಚೀಟಿ. “ಪುಸ್ತಕದ ವಾಕ್ಯ ಬೇಡ ಕಣೇ, ಬದುಕಿನದ್ದು ಬರಿ,” ಎನ್ನುತ್ತಿದ್ದರು ಸಂಪಾದಕಿ ಹಲೀನಾ ಮೇಡಂ.

ಅವಳ ಬದುಕಿನಲ್ಲಿ ಅಂಥದ್ದೇನಿತ್ತು? ಎದುರು ಮೇಜಿನಲ್ಲಿ ತಿಮೊನ್ ಇದ್ದ, ಅಷ್ಟೆ. ಹಾಗಾಗಿ ಚೀಟಿಯ ಒಂದು ಬದಿಗೆ ಪೆನ್ಸಿಲಿನಲ್ಲಿ ಮನಸ್ಸಿಗೆ ಬಂದದ್ದನ್ನು ಬರೆದು, ಮಗುಚಿ, ಇನ್ನೊಂದು ಬದಿಗೆ ಅಚ್ಚಿಗೆ ಹೋಗಬಹುದಾದ ಸಭ್ಯ ವಾಕ್ಯ ಬರೆಯುತ್ತಿದ್ದಳು. ಒಪ್ಪಿಸುವ ಮುನ್ನ ಮೊದಲ ಬದಿಯನ್ನು ರಬ್ಬರಿನಿಂದ ಒರೆಸಿಬಿಡುವಳು. ಆದರೆ ಉಡುಪಿನ ಪದಗಳ ಕಟ್ಟು ಕೊಟ್ಟ ದಿನವೇ ತಿಮೊನ್ ತನಗೆ ದೂರದ ಗ್ದಾನ್ಸ್ಕ್ ಊರಿನಲ್ಲಿ ಕೆಲಸ ಸಿಕ್ಕಿತೆಂದು ಹೇಳಿದ್ದು. ಅದಾದ ಮೇಲೆ ರಬ್ಬರು ಕೈಗೆತ್ತಿಕೊಂಡ ನೆನಪಿಲ್ಲ.

ಇಂದು ಅವನ ಕೊನೆಯ ದಿನ. ಉಡುಪಿನ ಕರಡು ತಿದ್ದುವುದೂ ಇಂದೇ.

ಕಚೇರಿಗೆ ಓಡೋಡಿ ಹೋದರೂ ಅಚ್ಚಾದ ಹಾಳೆ ಆಗಲೇ ಅವನ ಕೈಯಲ್ಲಿತ್ತು. ಚೀಟಿಗಳ ಕಟ್ಟು ಅವಳ ಮೇಜಿನ ಮೇಲಿತ್ತು, ಪೆನ್ಸಿಲಿನ ಬದಿ ಮೇಲಾಗಿ. ಒರೆಸಿರಲಿಲ್ಲ; ಅಚ್ಚಿನವರು ಜೋಡಿಸಿದ್ದೂ ಆ ಬದಿಯನ್ನೇ ಇರಬೇಕು.

“ಬನ್ನಿ, ಬನ್ನಿ. ಏದುಸಿರು ಬಿಡ್ತಿದೀರಲ್ಲ, ನಾಯಿ ಅಟ್ಟಿಸ್ಕೊಂಡು ಬಂತಾ?”

“ತಿಮೊನ್, ಇವತ್ತು... ಇದನ್ನ ನಾನೊಬ್ಳೇ ನೋಡ್ಕೊಳ್ಲಾ?”

“ಹಲೀನಾ ಮೇಡಂ ನಮ್ಮಿಬ್ರನ್ನೂ ಕಿಟಕಿಯಿಂದ ಎಸೀತಾರೆ.”

ಅಲ್ಲಿನ ಪದ್ಧತಿಯೇ ಹಾಗೆ. ಒಬ್ಬರು ಅಚ್ಚಾದುದನ್ನು ಗಟ್ಟಿಯಾಗಿ ಓದಬೇಕು, ಚಿಹ್ನೆಗಳನ್ನೂ ಬಿಡದೆ. ಇನ್ನೊಬ್ಬರು ಚೀಟಿ ನೋಡಿ, ಹೊಂದಿದರೆ ‘ಸರಿ’ ಅನ್ನಬೇಕು. ‘ಸರಿ’ ಬರದೆ ಮುಂದಿನ ಪದಕ್ಕೆ ಹೋಗುವಂತಿಲ್ಲ.

“ಕೋಟ್. ಪ್ಲಾಶ್ಚ್,” ಎಂದು ತಿಮೊನ್ ಶುರು ಮಾಡಿದ. “ಅವನ ಕಂದು ಕೋಟಿನ ಮೂರನೇ ಗುಂಡಿ ಸಡಿಲವಾಗಿದೆ, ಅಲ್ಪವಿರಾಮ, ಹೊಲಿದುಕೊಡುವವರು ಯಾರೂ ಇಲ್ಲ, ಪೂರ್ಣವಿರಾಮ.”

“...ಸರಿ.”

“ಪಾಪ, ಯಾರೋ ಬಡಪಾಯಿ,” ಎಂದು ನಕ್ಕ. ನಗುತ್ತಲೇ ಗೂಟಕ್ಕೆ ನೇತುಹಾಕಿದ್ದ ತನ್ನ ಕೋಟಿನತ್ತ ಕಣ್ಣು ಹಾಯಿಸಿದ. ನಗು ಅರ್ಧಕ್ಕೇ ನಿಂತಿತು.

ಯಾಗೊದಾ ತಲೆ ಎತ್ತಲಿಲ್ಲ. ಮುಂದಿನ ಚೀಟಿ ಎತ್ತಿಕೊಂಡಳು.

“ಸ್ಕಾರ್ಫ್. ಶಾಲಿಕ್.” ಈಗ ದನಿ ನಿಧಾನವಾಗಿತ್ತು. “ಅವನು ಹಸಿರು ಸ್ಕಾರ್ಫ್ ಮರೆತುಹೋದರೆ ಅವಳಿಗೆ ಖುಷಿ, ಅಲ್ಪವಿರಾಮ, ವಾಪಸ್ಸು ಬರಲೇಬೇಕಲ್ಲ, ಪೂರ್ಣವಿರಾಮ.”

“ಸರಿ.” ದನಿ ಅವಳಿಗೇ ಕೇಳಿಸಲಿಲ್ಲ.

“ಏನ್ರೋ ಅದು, ಚರ್ಚಿನಲ್ಲಿ ಕೂತ ಹಾಗೆ ಪಿಸುಪಿಸು?” ಪಕ್ಕದ ಕೋಣೆಯಿಂದ ಹಲೀನಾ ಮೇಡಂ ಕೂಗಿದರು. “ಗಟ್ಟಿಯಾಗಿ ಓದ್ರಪ್ಪಾ, ನಂಗೂ ಕೇಳಿಸ್ಲಿ!”

“ಟೀ ಆರೋಗುತ್ತೆ ಮೇಡಂ, ಕುಡೀರಿ!” ಎಂದು ತಿಮೊನ್ ಎದ್ದು ಹೋಗಿ ನಡುವಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ ಬಂದ. ಎದುರು ಕುರ್ಚಿಗೆ ಹೋಗಲಿಲ್ಲ, ಅವಳ ಮೇಜಿನ ಅಂಚಿನಲ್ಲೇ ನಿಂತ.

“ಯಾಗೊದಾ. ಇದು ತಪ್ಪಿ ಬಂದಿದೆ ಅಂತ ಗೆರೆ ಎಳೆದುಬಿಡ್ಲಾ? ನೀವು ಹ್ಞೂಂ ಅಂದ್ರೆ ಸಾಕು. ನಾನು ಏನೂ ಓದಿಲ್ಲ. ಸಂಜೆ ರೈಲು ಹತ್ತಿ ಹೋಗ್ತೀನಿ.”

ಎಷ್ಟು ಸುಲಭದ ದಾರಿ! ತಲೆಯಾಡಿಸಿದರೆ ಎಲ್ಲ ಮುಗಿಯಿತು. ಎರಡು ವರ್ಷದಿಂದ ಹೀಗೇ ಒರೆಸಿ ಮುಗಿಸುತ್ತಲೇ ಬಂದಿದ್ದಳಲ್ಲ. ಆದರೆ ಗೆರೆ ಎಳೆಯುತ್ತೇನೆಂದವನು ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಅದನ್ನು ಅವಳು ಈಗಷ್ಟೇ ನೋಡಿದಳು.

“ಓದಿ,” ಎಂದಳು.

ಕೊನೆಯ ಪದ ಉಳಿದಿತ್ತು.

“ಶೂ. ಬುತ್. ಈ ಶೂ ಗ್ದಾನ್ಸ್ಕ್ ರೈಲು ಹತ್ತುವ ದಿನವೂ ಅವಳು ಏನೂ ಹೇಳುವುದಿಲ್ಲ.”

ಪೂರ್ಣವಿರಾಮ ಅನ್ನಲಿಲ್ಲ ಅವನು. ಕಾದ.

ಚೀಟಿಯಲ್ಲೂ ಅದೇ ವಾಕ್ಯ, ಅವಳದೇ ಕೈಬರಹ. ಒಂದಕ್ಷರವೂ ಆಚೀಚೆ ಇರಲಿಲ್ಲ. ‘ಸರಿ’ ಅನ್ನಬೇಕಿತ್ತು.

“ತಪ್ಪು,” ಎಂದಳು ಯಾಗೊದಾ. ಬಾಗಿಲಾಚೆಗೂ ಕೇಳಿಸುವಷ್ಟು ಗಟ್ಟಿಯಾಗಿ. “ಹೇಳ್ತಾಳೆ. ನೀವು ಹೋಗೋದು ನಂಗೆ ಬೇಡ.”